ಅಕ್ಷರ ಅಳಿಸಿ, ಆದರೆ ಅದರ ಜಾಗ ಅಳಿಸಬೇಡಿ
ಸಹಕಾರಿ ಸಂಘಗಳ ಸಾಫ್ಟ್‌ವೇರ್ ನೋಡಿಕೊಳ್ಳುವುದು ನನ್ನ ಕೆಲಸ. ಮಂಗಳೂರಿನಿಂದ ಕುಂದಾಪುರದವರೆಗೆ ಎಲ್ಲಿಂದ ಸಂಜೆ ಫೋನ್ ಬಂದರೂ ಮಾತು ಒಂದೇ: "ಸರ್, ಲೆಕ್ಕ ತಾಳೆ ಆಗುತ್ತಿಲ್ಲ. ನಾವು ಎಂತದೂ ಮಾಡಲಿಲ್ಲ. ಒಂದು ಹೆಸರು ಮಾತ್ರ ಸರಿ ಮಾಡಿದ್ದು." ಎಲ್ಲಿ ಸರಿ ಮಾಡಿದ್ದು? ಪಿಗ್ಮಿ ಮೆಷಿನಿನಿಂದ ಇಳಿಸಿದ ಫೈಲಿನಲ್ಲಿ, ನೋಟ್‌ಪ್ಯಾಡ್ ತೆರೆದು!

ಪಿಗ್ಮಿ, ಅಂದರೆ ಏಜೆಂಟರು ದಿನಾ ಬಂದು ಸ್ವಲ್ಪ ಸ್ವಲ್ಪ ಹಣ ಸಂಗ್ರಹಿಸುವ ಉಳಿತಾಯ, ನಮ್ಮ ಊರಿನದ್ದೇ. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಉಡುಪಿಯ ಸಂಸ್ಥೆ 1928ರಲ್ಲಿ ಇದನ್ನು ಶುರು ಮಾಡಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತು. ಈಗ ಏಜೆಂಟರ ಕೈಯಲ್ಲಿ ಮೆಷಿನ್ ಇದೆ. ಅದರ ಫೈಲಿನಲ್ಲಿ ಎಷ್ಟೋ ಸಲ ಒಂದು ವಿವರವನ್ನು ಇನ್ನೊಂದರಿಂದ ಬೇರ್ಪಡಿಸುವ ಕಾಮಾ ಕೂಡ ಇರುವುದಿಲ್ಲ. ಪ್ರೋಗ್ರಾಂ ಸಾಲಿನಲ್ಲಿ ಎಷ್ಟನೆಯ ಅಕ್ಷರ ಅಂತ ಬರೀ ಎಣಿಸುತ್ತದೆ. 1ರಿಂದ 6 ಖಾತೆ ನಂಬರ್, 7ರಿಂದ 22 ಹೆಸರು, 23ರಿಂದ 28 ಹಣ, ಆಮೇಲೆ ರಸೀದಿ ನಂಬರ್ ಅಂತಿಟ್ಟುಕೊಳ್ಳಿ. ಕಂಪನಿಯಿಂದ ಕಂಪನಿಗೆ ಇದು ಬೇರೆ, ನಿಮ್ಮದನ್ನು ಕೇಳಿ ತಿಳಿದುಕೊಳ್ಳಿ.

ಕಾರ್ಕಳ ಕಡೆಯ ಒಂದು ಸಂಘದಲ್ಲಿ ಭಟ್ಟರ ಹೆಸರಿಗೆ ಇಂಗ್ಲಿಷಿನಲ್ಲಿ ಒಂದು 'ಟಿ' ಜಾಸ್ತಿ ಬಿದ್ದಿತ್ತು. ಗುಮಾಸ್ತರು ಅದನ್ನು ಅಳಿಸಿದರು. ಅಳಿಸಿದ ಕೂಡಲೇ ಅದರ ಬಲಗಡೆ ಇದ್ದದ್ದೆಲ್ಲ ಒಂದು ಹೆಜ್ಜೆ ಎಡಕ್ಕೆ ಸರಿಯಿತು. ಭಟ್ಟರು ಕಟ್ಟಿದ್ದು 200 ರೂಪಾಯಿ, ಫೈಲಿನಲ್ಲಿ 000200. ಈಗ ಅದರ ಮೊದಲ ಸೊನ್ನೆ ಹೆಸರಿನ ಜಾಗಕ್ಕೆ ಹೋಯಿತು. ರಸೀದಿ ನಂಬರಿನ ಮೊದಲ ಸೊನ್ನೆ ಹಣದ ಜಾಗಕ್ಕೆ ಬಂತು. ಪ್ರೋಗ್ರಾಂ ಓದಿದ್ದು 002000. ಅಂದರೆ ಎರಡು ಸಾವಿರ! ಎರರ್ ಇಲ್ಲ, ಎಂತದೂ ಇಲ್ಲ. ಏಜೆಂಟರು ತಂದ ಹಣಕ್ಕೂ ಲೆಕ್ಕಕ್ಕೂ 1,800 ರೂಪಾಯಿ ವ್ಯತ್ಯಾಸ. ವರ್ಷಗಟ್ಟಲೆ ಬಿಸಿಲಲ್ಲಿ ಅಂಗಡಿ ಅಂಗಡಿ ತಿರುಗಿದ ಮನುಷ್ಯನನ್ನು ಕೂರಿಸಿ ವಿಚಾರಿಸಿದರಂತೆ. ನನಗೆ ಸಿಟ್ಟು ಬಂದದ್ದು ಅದಕ್ಕೆ.

ಸೀಟ್ ನಂಬರ್ ಇರುವ ರಾತ್ರಿ ಬಸ್ಸಿನಲ್ಲಿ ಒಬ್ಬರು ಇಳಿದರೆ ಆ ಸೀಟು ಖಾಲಿ ಇರುತ್ತದೆ, ಉಳಿದವರು ಒತ್ತಿ ಕೂರುವುದಿಲ್ಲ. ಇಲ್ಲಿಯೂ ಹಾಗೆ. 'ಟಿ' ತೆಗೆದರೆ ಹೆಸರಿನ ಕೊನೆಗೆ ಒಂದು ಸ್ಪೇಸ್ ಹಾಕಿ. ಅಕ್ಷರ ಸೇರಿಸಿದರೆ ಹೆಸರಿನ ನಂತರದ ಒಂದು ಸ್ಪೇಸ್ ತೆಗೆಯಿರಿ. ಸ್ಪೇಸ್ ಅಂದರೆ ಸ್ಪೇಸೇ, ಟ್ಯಾಬ್ ಅಲ್ಲ. ಸಾಲು ಸಾಲಾಗಿ ಓದುವ ಪ್ರೋಗ್ರಾಂ ಆದರೆ ಕೆಡುವುದು ಆ ಒಂದು ಸಾಲು. ಫೈಲಿನ ಮೊದಲಿನಿಂದ ಬೈಟ್ (ಇಂಗ್ಲಿಷಿನ ಒಂದಕ್ಷರಕ್ಕೆ ಒಂದು) ಎಣಿಸಿ ಹೋಗುವಂಥದ್ದಾದರೆ ಅಲ್ಲಿಂದ ಕೆಳಗಿನ ಅಷ್ಟೂ ಮಂದಿಯ ಲೆಕ್ಕ ಕೆಡುತ್ತದೆ.

ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡುವವರ ಬಗ್ಗೆ ನಾನು ಮಾತಾಡುವುದಿಲ್ಲ. ಅಂಕಿಗಳ ಮುಂದಿನ ಸೊನ್ನೆಗಳೆಲ್ಲ ಹಾರಿಹೋಗಿರುತ್ತವೆ.

ತಿದ್ದಲೇಬೇಕಾದರೆ ಕಾಪಿ ಇಟ್ಟುಕೊಂಡು ತಿದ್ದಿ. ಮೊದಲು ಮತ್ತು ನಂತರ ಫೈಲಿನ ಗಾತ್ರ ಎಷ್ಟು ಬೈಟ್ ಅಂತ ನೋಡಿ. ಬೇರೆ ಬಂದರೆ ಖಂಡಿತ ಕೆಟ್ಟಿದೆ. ಒಂದೇ ಬಂದರೆ ಸರಿಯಿದೆ ಅಂತ ನಾನು ಗ್ಯಾರಂಟಿ ಕೊಡುವುದಿಲ್ಲ. ಹಣದ ಅಂಕಿಯನ್ನಂತೂ ಫೈಲಿನಲ್ಲಿ ಮುಟ್ಟಲೇಬೇಡಿ, ಆಡಿಟ್‌ನಲ್ಲಿ ಉತ್ತರ ಕೊಡಬೇಕಾದವರು ನೀವು. ನಿಜ ಹೇಳಬೇಕೆಂದರೆ ಹೆಸರನ್ನೂ ಇಲ್ಲಿ ತಿದ್ದಿ ಪ್ರಯೋಜನವಿಲ್ಲ. ಸದಸ್ಯರ ಮಾಸ್ಟರ್‌ನಲ್ಲಿ, ಅಂದರೆ ಸಂಘದ ಸಾಫ್ಟ್‌ವೇರಿನ ಮೂಲ ಪಟ್ಟಿಯಲ್ಲಿ, ತಪ್ಪು ಹಾಗೇ ಇದ್ದರೆ ನಾಳೆ ಅದೇ 'ಟಿ' ಮೆಷಿನಿಗೆ ವಾಪಸ್ ಹೋಗುತ್ತದೆ, ಅಲ್ವಾ?

ಈಚೆಗೆ ಇನ್ನೊಂದು ಶುರುವಾಗಿದೆ: ಆ ಫೈಲಿನಲ್ಲೇ ಕನ್ನಡದಲ್ಲಿ ಹೆಸರು ಟೈಪ್ ಮಾಡುವುದು. ಆಸೆ ಒಳ್ಳೆಯದೇ. ಆದರೆ ಕಂಪ್ಯೂಟರ್ ಅಕ್ಷರ ಉಳಿಸಿಡುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್ ಬೇಕು. ಒತ್ತು, ದೀರ್ಘ ಎಲ್ಲ ಬೇರೆ ಬೇರೆ ಲೆಕ್ಕ. 'ಲಕ್ಷ್ಮೀ' ಕಣ್ಣಿಗೆ ಎರಡೇ ಅಕ್ಷರ, ಫೈಲಿನಲ್ಲಿ 21 ಬೈಟ್. ಹೆಸರಿಗಿರುವ 16 ಬೈಟಿನ ಜಾಗದಲ್ಲಿ ಲಕ್ಷ್ಮಿಯೇ ಹಿಡಿಯದಿದ್ದರೆ ಲಕ್ಷ್ಮೀನಾರಾಯಣ ಎಲ್ಲಿ ಹಿಡಿಯುತ್ತಾನೆ ಮಾರಾಯ್ರೆ? ಮೆಷಿನಿನಲ್ಲಿ ಇಂಗ್ಲಿಷ್ ಹೆಸರೇ ಇರಲಿ. ಸಂಘದ ಸಾಫ್ಟ್‌ವೇರಿನಲ್ಲಿ ಕನ್ನಡ ಹೆಸರಿಗೆ ಬೇರೆ ಜಾಗ ಮಾಡಿಸಿಕೊಂಡು, ಪಾಸ್‌ಬುಕ್ಕಿಗೆ ಅಲ್ಲಿಂದ ಪ್ರಿಂಟ್ ತೆಗೆಯಿರಿ.