ಗರ್ಭಕೋಶದ ಒಳಪದರ: ಯಾವ ಸ್ಕ್ಯಾನ್ ಎಷ್ಟು ಹೇಳುತ್ತದೆ?

ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ 'ಇಟಿ 9 ಎಂಎಂ' ಅಂತ ಬರೆದಿರುತ್ತದೆ. ಅದು ಗರ್ಭಕೋಶದ ಒಳಪದರದ ದಪ್ಪ. ತಿಂಗಳು ತಿಂಗಳು ಮುಟ್ಟಾಗುವವರಿಗೆ ಈ ಅಂಕಿ ಮಾಮೂಲಿ. ಮುಟ್ಟು ನಿಂತು ವರ್ಷಗಳಾದ ಮೇಲೆ ರಕ್ತ ಕಂಡವರಿಗೆ ಇದೇ ಅಂಕಿ ಬಯಾಪ್ಸಿಗೆ, ಅಂದರೆ ಪದರದ ಚೂರು ತೆಗೆದು ಪರೀಕ್ಷಿಸುವುದಕ್ಕೆ, ದಾರಿ.

ಸ್ಕ್ಯಾನ್ ಬರುವ ಮೊದಲು ಇದ್ದದ್ದು ಡಿ ಅಂಡ್ ಸಿ. ಒಳಗೇನಿದೆ ಅಂತ ಕಾಣದೆ, ಬರೀ ಕೈಯಂದಾಜಿನಲ್ಲಿ ಪದರವನ್ನು ಕೆರೆದು ತೆಗೆಯುತ್ತಿದ್ದರು. ಪದರದಿಂದ ಒಳಕ್ಕೆ ಚಾಚಿ ಬೆಳೆಯುವ ಸಣ್ಣ ಗಂಟುಗಳು, ಅಂದರೆ ಪಾಲಿಪ್‌ಗಳು, ಎಷ್ಟೋ ಸಲ ತಪ್ಪಿಸಿಕೊಳ್ಳುತ್ತಿದ್ದವು.

ಶಬ್ದದ ಅಲೆ ಬಿಟ್ಟು ಲೋಹದಲ್ಲಿ ಬಿರುಕು ಹುಡುಕುವ ಯಂತ್ರದ ತತ್ವವನ್ನು ಹೊಟ್ಟೆಗೆ ತಂದವರು ಗ್ಲಾಸ್ಗೋದ ವೈದ್ಯ ಇಯಾನ್ ಡೊನಾಲ್ಡ್. ವೈದ್ಯ ಮ್ಯಾಕ್‌ವಿಕರ್ ಮತ್ತು ಎಂಜಿನಿಯರ್ ಟಾಮ್ ಬ್ರೌನ್ ಜೊತೆ ಅವರು ಬರೆದ ವರದಿ 1958ರಲ್ಲಿ ವೈದ್ಯಕೀಯ ಪತ್ರಿಕೆ 'ಲ್ಯಾನ್ಸೆಟ್'ನಲ್ಲಿ ಬಂತು. ಆದರೆ ಕರುಳಿನ ಗಾಳಿ ಶಬ್ದದ ಅಲೆಯನ್ನು ತಡೆಯುತ್ತದೆ. ಮೂತ್ರಕೋಶ ತುಂಬಿದ್ದರೆ ಕರುಳು ಪಕ್ಕಕ್ಕೆ ಸರಿಯುತ್ತದೆ, ಅಲೆ ನೇರ ಗರ್ಭಕೋಶಕ್ಕೆ ಹೋಗುತ್ತದೆ. 'ನೀರು ಕುಡಿದು, ತಡ್ಕೊಂಡು ಕೂತಿರಿ' ಅಂತ ಇವತ್ತಿಗೂ ಹೇಳೋದು ಅದಕ್ಕೇ. ಇಷ್ಟಾದರೂ ಹೊಟ್ಟೆಯ ಮೇಲಿಂದ ಗರ್ಭಕೋಶ ದೂರ. ಆಳಕ್ಕೆ ಹೋಗಬಲ್ಲ ಅಲೆ ಸೂಕ್ಷ್ಮವಾದದ್ದನ್ನು ತೋರಿಸುವುದಿಲ್ಲ. ಗಡ್ಡೆ ಕಾಣುತ್ತದೆ, ಒಂದೆರಡು ಮಿಲಿಮೀಟರ್ ವ್ಯತ್ಯಾಸವನ್ನು ನಂಬುವುದು ಕಷ್ಟ.

1980ರ ದಶಕದಲ್ಲಿ ಯೋನಿಯ ಮೂಲಕ ಮಾಡುವ ಸ್ಕ್ಯಾನ್, ಅಂದರೆ ಟಿವಿಎಸ್, ಬಳಕೆಗೆ ಬಂದ ಮೇಲೆ ಆಟ ಬದಲಾಯಿತು. ಅಲೆ ಬಿಡುವ ಪ್ರೋಬ್ ಗರ್ಭಕೋಶಕ್ಕೆ ಹತ್ತಿರ, ಚಿತ್ರ ಸ್ಪಷ್ಟ, ಮೂತ್ರ ತಡೆಯುವ ಒದ್ದಾಟವೂ ಇಲ್ಲ. 1995ರಲ್ಲಿ ನಾರ್ಡಿಕ್ ದೇಶಗಳ ವೈದ್ಯರು ಮುಟ್ಟು ನಿಂತ ಮೇಲೆ ರಕ್ತಸ್ರಾವವಾದ 1168 ಮಹಿಳೆಯರ ಅಧ್ಯಯನ ಪ್ರಕಟಿಸಿದರು. ಪದರ 4 ಮಿ.ಮೀ. ಅಥವಾ ಅದಕ್ಕಿಂತ ತೆಳು ಇದ್ದರೆ ಕ್ಯಾನ್ಸರ್ ಸಾಧ್ಯತೆ ತೀರಾ ಕಡಿಮೆ ಅನ್ನುವ ಲೆಕ್ಕಕ್ಕೆ ಇದು ಗಟ್ಟಿ ಆಧಾರವಾಯಿತು. ಎಷ್ಟೋ ಜನರಿಗೆ ಡಿ ಅಂಡ್ ಸಿ ತಪ್ಪಿತು.

ತೊಂದರೆ ಇರೋದು ದಪ್ಪಗಿದ್ದಾಗ. ಪದರವೆಲ್ಲ ಬೆಳೆದಿದೆಯೋ, ಒಂದೇ ಕಡೆ ಪಾಲಿಪ್ ಇದೆಯೋ? ಟಿವಿಎಸ್‌ನಲ್ಲಿ ಎರಡೂ ಒಂದೇ ಥರ ಕಾಣಬಹುದು. ಸ್ತನ ಕ್ಯಾನ್ಸರಿಗೆ ಟಾಮೊಕ್ಸಿಫೆನ್ ತಗೊಳ್ಳುವವರಲ್ಲಂತೂ ಪದರದ ಅಡಿಯ ಪುಟ್ಟ ನೀರುಗುಳ್ಳೆಗಳೂ ದಪ್ಪದ ಲೆಕ್ಕಕ್ಕೆ ಸೇರಿಬಿಡುತ್ತವೆ.

ಇಲ್ಲಿ ಉಪಯೋಗಕ್ಕೆ ಬಂದದ್ದು ಸಲೈನ್ ಸ್ಕ್ಯಾನ್. 1990ರ ದಶಕದಲ್ಲಿ ಇದು ಚಾಲ್ತಿಗೆ ಬಂತು. ಸಣ್ಣ ನಳಿಕೆಯಲ್ಲಿ ಒಂದಿಷ್ಟು ಸಲೈನ್ ಒಳಗೆ ಬಿಟ್ಟು ಟಿವಿಎಸ್ ಮಾಡುತ್ತಾರೆ. ಅಂಟಿಕೊಂಡ ಪ್ಲಾಸ್ಟಿಕ್ ಕವರನ್ನು ಊದಿ ಬಿಡಿಸಿದ ಹಾಗೆ ಗೋಡೆಗಳು ಬೇರೆಯಾಗುತ್ತವೆ. ಸ್ಕ್ಯಾನಿನಲ್ಲಿ ಕಪ್ಪಗೆ ಕಾಣುವ ನೀರಿನ ನಡುವೆ ಪಾಲಿಪ್ ಬೆಳ್ಳಗೆ ಎದ್ದು ಕಾಣುತ್ತದೆ. ಸ್ವಲ್ಪ ಹೊಟ್ಟೆ ಹಿಡಿದಂತಾಗುತ್ತದೆ, ನಿಜ. ಗರ್ಭಿಣಿಯರಿಗೆ, ಸೋಂಕು ಇರುವವರಿಗೆ ಮಾಡುವುದಿಲ್ಲ. ಆದರೂ ಕಡಿಮೆ ಖರ್ಚಿನ ಈ ಪರೀಕ್ಷೆಯನ್ನು ಇನ್ನೂ ಜಾಸ್ತಿ ಬಳಸಬಹುದು ಅನ್ನಿಸುತ್ತದೆ.

ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಕಲರ್ ಡಾಪ್ಲರ್‌ನಲ್ಲಿ ಒಂದೇ ರಕ್ತನಾಳ ಒಳಹೊಕ್ಕಂತೆ ಕಂಡರೆ ಪಾಲಿಪ್ ಅನುಮಾನ ಬಲವಾಗುತ್ತದೆ. ತ್ರೀಡಿ ಸ್ಕ್ಯಾನ್ ಗರ್ಭಕೋಶದ ಆಕಾರ ನೋಡಲು ಒಳ್ಳೆಯದು.

ಇವು ಯಾವುದೂ ಕ್ಯಾನ್ಸರ್ ಹೌದೋ ಅಲ್ವೋ ಅಂತ ಖಚಿತ ಮಾಡುವುದಿಲ್ಲ. ಅದಕ್ಕೆ ಬಯಾಪ್ಸಿಯೇ ಬೇಕು. ಪದರ 3 ಮಿ.ಮೀ. ಇದ್ದರೂ ಮುಟ್ಟು ನಿಂತವರಲ್ಲಿ ರಕ್ತ ಮತ್ತೆ ಮತ್ತೆ ಕಾಣಿಸಿಕೊಂಡರೆ ವೈದ್ಯರು ಬಯಾಪ್ಸಿ ಮಾಡಿಸಿ ಅನ್ನುವುದು ಇದೇ ಕಾರಣಕ್ಕೆ.