ಹಾಳೂರಿಗೆ ಉಳಿದವನೇ ಗೌಡ: ಸ್ಯಾಫ್ ಕಪ್ ಸುತ್ತ ಮುಗಿಯದ ಜಗಳ

2025ರ ನವೆಂಬರ್ 18ರ ರಾತ್ರಿ ಢಾಕಾದಲ್ಲಿ ಭಾರತ ಬಾಂಗ್ಲಾದೇಶದ ಎದುರು 1-0ಯಿಂದ ಸೋತಿತು. ಫುಟ್‌ಬಾಲ್ ಏಷ್ಯಾ ಕಪ್ ಅರ್ಹತಾ ಸುತ್ತಿನ ಮ್ಯಾಚು ಅದು. ಎರಡೂ ಟೀಮುಗಳು ಆಗಲೇ ಹೊರಬಿದ್ದಿದ್ದವು, ಯಾರು ಗೆದ್ದಿದ್ದರೂ ಏನೂ ಬದಲಾಗುತ್ತಿರಲಿಲ್ಲ. ಆದರೂ ನನ್ನ ಫೋನಿನಲ್ಲಿ ಫುಟ್‌ಬಾಲ್ ಫ್ಯಾನ್ಸ್ ಗ್ರೂಪು ನಡುರಾತ್ರಿವರೆಗೂ ಸುಮ್ಮನಾಗಲಿಲ್ಲ. ಅದಕ್ಕೆ ಎರಡೂವರೆ ತಿಂಗಳ ಹಿಂದೆ ಇರಾನ್ ನಮಗೆ ಮೂರು ಗೋಲು ಹೊಡೆದಾಗ ಇವರೆಲ್ಲ ಒಂದು ಸಾಲು ಬರೆದು ಮಲಗಿದ್ದರು. ಈ ಸಲ ಹಾಗಲ್ಲ. 'ಸ್ಯಾಫ್ ಟೀಮಿಗೂ ಸೋತ್ವಾ?' ಅಂತ ಒಬ್ಬ ಕೇಳಿದ (ಸ್ಯಾಫ್ ಅಂದರೆ ದಕ್ಷಿಣ ಏಷ್ಯಾದ ಫುಟ್‌ಬಾಲ್ ಒಕ್ಕೂಟ). ಅಷ್ಟೇ ಸಾಕಾಯಿತು.

ತಮಾಷೆ ಏನು ಗೊತ್ತಾ? ಇದೇ ಹುಡುಗರು 2023ರಲ್ಲಿ ಭಾರತ ಸ್ಯಾಫ್ ಕಪ್ ಗೆದ್ದಾಗ 'ಹಾಳೂರಿಗೆ ಉಳಿದವನೇ ಗೌಡ, ಇದೇನು ದೊಡ್ಡ ಕಪ್ಪಾ' ಅಂತ ನಕ್ಕಿದ್ದರು. ಗೆದ್ದರೆ ಲೆಕ್ಕಕ್ಕಿಲ್ಲ, ಸೋತರೆ ಮಾನ ಹೋಯಿತು. ಈ ವಿಚಿತ್ರ ಲೆಕ್ಕ ನಿನ್ನೆ ಮೊನ್ನೆ ಶುರುವಾದದ್ದಲ್ಲ.

ದಕ್ಷಿಣ ಏಷ್ಯಾದ ದೇಶಗಳಿಗೆ ಅಂತ ಒಂದು ಫುಟ್‌ಬಾಲ್ ಕಪ್ ಶುರುವಾಗಿದ್ದು 1993ರಲ್ಲಿ, ಲಾಹೋರ್‌ನಲ್ಲಿ. ಆಗ ಅದರ ಹೆಸರು ಸಾರ್ಕ್ ಗೋಲ್ಡ್ ಕಪ್. ಆಡಿದ್ದು ನಾಲ್ಕೇ ದೇಶ: ಭಾರತ, ಪಾಕಿಸ್ತಾನ, ನೇಪಾಳ, ಶ್ರೀಲಂಕಾ. ಭಾರತ ಗೆದ್ದಿತು. ಆಮೇಲೆ ಹೆಸರು ಸ್ಯಾಫ್ ಅಂತ ಬದಲಾಯಿತು, ಮಾಲ್ಡೀವ್ಸ್, ಬಾಂಗ್ಲಾ, ಭೂತಾನ್ ಬಂದವು, ಅಫ್ಘಾನಿಸ್ತಾನ ಬಂದು 2015ರಲ್ಲಿ ಮಧ್ಯ ಏಷ್ಯಾದ ಕಡೆ ಹೊರಟೂ ಹೋಯಿತು. 2023ರವರೆಗೆ ಒಟ್ಟು 14 ಸಲ ನಡೆದಿದೆ. ಅದರಲ್ಲಿ ಭಾರತ ಗೆದ್ದಿದ್ದು 9. ಉಳಿದ ಐದರಲ್ಲಿ ನಾಲ್ಕು ಸಲ ಎರಡನೇ ಸ್ಥಾನ. ಒಂದೇ ಒಂದು ಸಲ, 2003ರಲ್ಲಿ, ಫೈನಲ್‌ಗೂ ಹೋಗಲಿಲ್ಲ.

ಈ ದಾಖಲೆ ನೋಡಿ ಯಾರಾದರೂ ಬೀಗಬೇಕು ತಾನೇ? ನಮ್ಮವರು ಬೀಗಲ್ಲ. ಯಾಕಂದರೆ ನಮಗೆ ಇನ್ನೊಂದು ನೆನಪಿದೆ. 1951ರ ಮತ್ತು 1962ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ. ಬೆಂಗಳೂರಿಗಂತೂ ಇದು ಮನೆ ಕಥೆ. 1951ರ ಟೀಮಿನ ಅಹ್ಮದ್ ಖಾನ್ ಇಲ್ಲಿನವರು, 1962ರ ಟೀಮಿನ ಅರುಮೈನಾಯಗಂ ಇಲ್ಲಿನವರು. ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರ ಕಡೆ ಹಳಬರ ಹತ್ತಿರ ಕೂತು 'ಸ್ಯಾಫ್ ಗೆದ್ವಿ ತಾತ' ಅಂದು ನೋಡಿ. ಗೌತಮಪುರದಲ್ಲಿ ಪೆಲೆಗೆ ಪ್ರತಿಮೆ ಕಟ್ಟಿಸಿದ್ದಾರೆ, ಅವರಿಗೆ ನೇಪಾಳದ ಮೇಲೆ ಗೆದ್ದ ಸುದ್ದಿ ಹೇಳಿ ಮೆಚ್ಚಿಸೋದು ಕಷ್ಟ. ಏಷ್ಯಾಕ್ಕೇ ದೊಡ್ಡಣ್ಣನಾಗಿದ್ದವನು ಈಗ ಓಣಿಯಲ್ಲಿ ಮೊದಲು ಬಂದೆ ಅಂತ ಮೆರವಣಿಗೆ ಮಾಡಿಸ್ಕೊಂಡರೆ ಹೇಗೆ ಅನ್ನೋದು ಅವರ ವಾದ. ತಾತನ ಮಾತನ್ನೇ ಮೊಮ್ಮಗ ಮುಂದುವರಿಸಿದ್ದಾನೆ, ಮೊಮ್ಮಗ ಆ ಚಿನ್ನ ನೋಡಿದವನಲ್ಲ ಅಷ್ಟೇ ವ್ಯತ್ಯಾಸ.

ತಾತ್ಸಾರ ಫ್ಯಾನ್ಸ್‌ಗೆ ಮಾತ್ರ ಇತ್ತು ಅಂದುಕೊಳ್ಳಬೇಡಿ. ಟೀಮು ಕಳಿಸೋರಿಗೂ ಇತ್ತು. 2009ರಲ್ಲಿ ಢಾಕಾಕ್ಕೆ ಹೋಗಿದ್ದು ಅಂಡರ್-23 ಹುಡುಗರು. ಮಾಲ್ಡೀವ್ಸ್ ಮೇಲೆ ಪೆನಾಲ್ಟಿಯಲ್ಲಿ ಗೆದ್ದು ಬಂದರು, ಯಾರಿಗೂ ಏನೂ ಅನ್ನಿಸಲಿಲ್ಲ. 2018ರಲ್ಲಿ ಮತ್ತೆ ಹುಡುಗರನ್ನೇ ಕಳಿಸಿದರು, ಮತ್ತೆ ಢಾಕಾಕ್ಕೆ, ಮತ್ತೆ ಫೈನಲ್‌ನಲ್ಲಿ ಮಾಲ್ಡೀವ್ಸ್. ಈ ಮಾಲ್ಡೀವ್ಸ್ ಗುಂಪಿನ ಹಂತದಲ್ಲಿ ಒಂದು ಗೋಲೂ ಹೊಡೆದಿರಲಿಲ್ಲ. ಶ್ರೀಲಂಕಾದ ಜೊತೆ ಎಲ್ಲದರಲ್ಲೂ ಸಮ ಆಗಿ, ಕೊನೆಗೆ ನಾಣ್ಯ ಚಿಮ್ಮಿ ಸೆಮಿಫೈನಲ್‌ಗೆ ಕಳಿಸಿದ್ದರು. ಹಾಗೆ ಬಂದ ಟೀಮು ಫೈನಲ್‌ನಲ್ಲಿ ನಮ್ಮ ಮೇಲೆ 2-1ರಿಂದ ಗೆದ್ದು ಕಪ್ ಎತ್ತಿಕೊಂಡು ಹೋಯಿತು. ಹುಡುಗರು ಸೋತಿದ್ದು ಅಂತ ಯಾರೂ ಸಮಾಧಾನ ಮಾಡ್ಕೊಳ್ಳಲಿಲ್ಲ. ಬೈಗುಳ ಪೂರ್ತಿ ರೇಟಿನಲ್ಲೇ ಬಿತ್ತು.

ಈಗ ನಾನು ಹೇಳಬೇಕು ಅಂತಿರೋ ವಿಷಯಕ್ಕೆ ಬರುತ್ತೇನೆ. ಈ ಕಪ್ಪಿನಿಂದ ಭಾರತದ ಫುಟ್‌ಬಾಲ್ ಅಳೆಯೋಕೆ ಹೋದವರೆಲ್ಲ ಮೋಸ ಹೋಗಿದ್ದಾರೆ, ಅದೂ ಎರಡೂ ಕಡೆಯಿಂದ.

2008ರ ಜೂನ್‌ನಲ್ಲಿ ಕೊಲಂಬೋದ ಫೈನಲ್‌ನಲ್ಲಿ ಮಾಲ್ಡೀವ್ಸ್‌ಗೆ 1-0ಯಿಂದ ಸೋತೆವು. ಬಾಬ್ ಹೌಟನ್ ಕೋಚ್ ಆಗಿದ್ದ ಕಾಲ. ಕಥೆ ಮುಗೀತು ಅಂದುಕೊಂಡರು. ಎರಡೇ ತಿಂಗಳಲ್ಲಿ, ಆಗಸ್ಟ್‌ನಲ್ಲಿ, ಅದೇ ಭಾರತ ದೆಹಲಿಯಲ್ಲಿ ತಜಿಕಿಸ್ತಾನದ ಮೇಲೆ 4-1ರಿಂದ ಗೆದ್ದು ಎಎಫ್‌ಸಿ ಚಾಲೆಂಜ್ ಕಪ್ (ಏಷ್ಯಾದ ಸಣ್ಣ ಟೀಮುಗಳ ಕಪ್) ಎತ್ತಿತು, ಅದರಿಂದಲೇ 2011ರ ಏಷ್ಯಾ ಕಪ್‌ಗೆ ಟಿಕೆಟ್ ಸಿಕ್ಕಿತು. ಆಮೇಲೆ 2011ರ ಡಿಸೆಂಬರ್. ದೆಹಲಿಯಲ್ಲಿ ಅಫ್ಘಾನಿಸ್ತಾನದ ಮೇಲೆ 4-0, ಸ್ಯಾಫ್ ಕಪ್ ನಮ್ಮದು, ಕೋಚ್ ಸಾವಿಯೊ ಮಡೇರಾಗೆ ಜೈಕಾರ. ಮೂರೇ ತಿಂಗಳು. 2012ರ ಮಾರ್ಚ್‌ನಲ್ಲಿ ಚಾಲೆಂಜ್ ಕಪ್‌ಗೆ ಕಠ್ಮಂಡುಗೆ ಹೋದ ಟೀಮು ಮೂರು ಮ್ಯಾಚೂ ಸೋತಿತು, ಒಂದು ಗೋಲೂ ಹೊಡೆಯಲಿಲ್ಲ. 2018ರಲ್ಲಿ ಸ್ಯಾಫ್ ಫೈನಲ್ ಸೋತ ನಾಲ್ಕು ತಿಂಗಳಿಗೆ, ಏಷ್ಯಾ ಕಪ್‌ನಲ್ಲಿ ಥಾಯ್ಲೆಂಡ್ ಮೇಲೆ 4-1. ಸೋತಾಗ ಒಳ್ಳೆಯದಾಗುತ್ತೆ, ಗೆದ್ದಾಗ ಕೆಡುತ್ತೆ ಅನ್ನೋ ಹಾಗಿದೆ ಅಲ್ವಾ? ಇದನ್ನೇ ನಿಯಮ ಮಾಡ್ಕೊಂಡು ಕೂರಬೇಡಿ. 2021ರಲ್ಲಿ ಮಾಲೆಯಲ್ಲಿ ಗೆದ್ದ ಮೇಲೆ ಮುಂದಿನ ಜೂನ್‌ನಲ್ಲಿ ಕೋಲ್ಕತ್ತದಲ್ಲಿ ಮೂರಕ್ಕೆ ಮೂರೂ ಗೆದ್ದು ಏಷ್ಯಾ ಕಪ್‌ಗೆ ಹೋಗಿದ್ದೂ ನಾವೇ. ನಾನು ಹೇಳೋದಿಷ್ಟೇ, ಈ ಕಪ್ಪಿನ ಫಲಿತಾಂಶಕ್ಕೂ ಆಮೇಲೆ ಆಗೋದಕ್ಕೂ ಸಂಬಂಧ ಹುಡುಕಿದರೆ ತಲೆ ಕೆಡುತ್ತೆ.

ಮಾಲೆಯದ್ದು ಇನ್ನೊಂದು ಕಥೆ. ಹತ್ತು ಜನಕ್ಕೆ ಇಳಿದ ಬಾಂಗ್ಲಾ ಜೊತೆ 1-1. ರ‍್ಯಾಂಕಿಂಗ್‌ನಲ್ಲಿ 200ರ ಆಚೆ ಇದ್ದ ಶ್ರೀಲಂಕಾದ ಜೊತೆ 0-0. ಆ ಎರಡು ಮ್ಯಾಚಿನ ಮಧ್ಯೆ ಕೋಚ್ ಇಗೊರ್ ಸ್ಟಿಮಾಚ್‌ನ ಬ್ಯಾಗನ್ನು ಫ್ಯಾನ್ಸೇ ಪ್ಯಾಕ್ ಮಾಡಿ ಇಟ್ಟಿದ್ದರು. ಒಂಬತ್ತು ದಿನ ಕಳೆದ ಮೇಲೆ ಫೈನಲ್‌ನಲ್ಲಿ ನೇಪಾಳದ ಮೇಲೆ 3-0. ಬ್ಯಾಗ್ ಬಿಚ್ಚಿ ಬಟ್ಟೆ ಮಡಚಿ ಇಟ್ಟರು.

ಇನ್ನು ಬೆಂಗಳೂರು. 2023.

ಆ ವರ್ಷ ಇಲ್ಲಿ ಫುಟ್‌ಬಾಲ್‌ಗೆ ಏನೋ ಗಾಳಿ ಬೀಸಿತ್ತು. ಮಾರ್ಚ್‌ನಲ್ಲಿ ಕರ್ನಾಟಕ 54 ವರ್ಷದ ಮೇಲೆ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದಿತ್ತು, ಅದೂ ರಿಯಾದ್‌ನಲ್ಲಿ, ಮೇಘಾಲಯದ ಮೇಲೆ 3-2. ಹಿಂದಿನ ಸಲ ಗೆದ್ದಾಗ ರಾಜ್ಯದ ಹೆಸರು ಇನ್ನೂ ಮೈಸೂರು ಅಂತಿತ್ತು. ಜೂನ್‌ನಲ್ಲಿ ಸ್ಯಾಫ್ ಕಂಠೀರವಕ್ಕೆ ಬಂತು. ಈ ಸಲ ಲೆಬನಾನ್, ಕುವೈತ್‌ಗಳನ್ನು ಅತಿಥಿಗಳಾಗಿ ಕರೆದಿದ್ದರು. ಓಣಿಯಲ್ಲೇ ಆಡಿ ಸಾಕಾಗಿದೆ, ಸ್ವಲ್ಪ ಗಟ್ಟಿ ಎದುರಾಳಿ ಬರಲಿ ಅಂತ. ಒಳ್ಳೆ ಕೆಲಸವೇ.

ಮೊದಲ ಮ್ಯಾಚು ಪಾಕಿಸ್ತಾನ, ಜೂನ್ 21. ಪಾಕಿಸ್ತಾನದವರಿಗೆ ವೀಸಾ ತಡವಾಗಿ, ಮಾರಿಷಸ್‌ನಿಂದ ಮುಂಬೈ ದಾರಿಯಲ್ಲಿ ಮ್ಯಾಚಿನ ದಿನವೇ ಬೆಂಗಳೂರಿಗೆ ಬಂದಿಳಿದರು. ಬಂದು ಬ್ಯಾಗ್ ಇಟ್ಟು ಬೂಟು ಕಟ್ಟಿದರು ಅಂದರೂ ಸರಿಯೇ. ಹತ್ತನೇ ನಿಮಿಷಕ್ಕೆ ಅವರ ಗೋಲ್‌ಕೀಪರ್ ಕಾಲ ಹತ್ತಿರದ ಚೆಂಡನ್ನು ಎಡವಟ್ಟು ಮಾಡಿಕೊಂಡ, ಸುನಿಲ್ ಛೆಟ್ರಿ ಒಳಗೆ ತಳ್ಳಿದ. ಛೆಟ್ರಿಗೆ ಮೂರು ಗೋಲು, ಉದಾಂತ ಸಿಂಗ್‌ಗೆ ಒಂದು, 4-0. ಮಧ್ಯದಲ್ಲಿ ಸ್ಟಿಮಾಚ್ ಥ್ರೋ ಹಾಕಲು ಹೊರಟ ಪಾಕಿಸ್ತಾನದ ಆಟಗಾರನ ಕೈಯಿಂದ ಚೆಂಡು ಕಿತ್ತುಕೊಂಡು ರೆಡ್ ಕಾರ್ಡ್ ತಿಂದ. ಕೋಚ್‌ಗೆ ರೆಡ್ ಕಾರ್ಡ್ ಸಿಕ್ಕರೆ ಜನ ಚಪ್ಪಾಳೆ ಹೊಡೆದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕುವೈತ್ ಮೇಲಿನ 1-1ರಲ್ಲಿ ಮತ್ತೊಂದು ರೆಡ್ ಕಾರ್ಡ್. ಹೀಗಾಗಿ ಸೆಮಿಫೈನಲ್, ಫೈನಲ್ ಎರಡಕ್ಕೂ ಮೈದಾನದ ಪಕ್ಕ ನಿಂತು ಟೀಮು ನಡೆಸಿದ್ದು ಸಹಾಯಕ ಕೋಚ್ ಮಹೇಶ್ ಗಾವ್ಲಿ. 2005ರಲ್ಲಿ ಕರಾಚಿಯಲ್ಲಿ ಭಾರತ ಬಾಂಗ್ಲಾ ಮೇಲೆ ಸ್ಯಾಫ್ ಫೈನಲ್ ಗೆದ್ದಾಗ ಮೊದಲ ಗೋಲು ಹೊಡೆದಿದ್ದ ಅದೇ ಗಾವ್ಲಿ.

ಲೆಬನಾನ್ ಮೇಲಿನ ಸೆಮಿಫೈನಲ್ 0-0, ಪೆನಾಲ್ಟಿಯಲ್ಲಿ 4-2. ಜುಲೈ 4ರ ಫೈನಲ್‌ನಲ್ಲಿ ಕುವೈತ್ ಹದಿನಾಲ್ಕನೇ ನಿಮಿಷಕ್ಕೇ ಗೋಲು ಹೊಡೆಯಿತು. ನಮ್ಮ ಛಾಂಗ್ಟೆ ಗೋಲು ಹೊಡೆದು ಅದನ್ನು ಸರಿಮಾಡಿದ. ಸ್ಟ್ಯಾಂಡ್‌ಗಳು ತುಂಬಿ ತುಳುಕುತ್ತಿದ್ದವು, ಒಂದು ಹಂತದಲ್ಲಿ ಇಡೀ ಸ್ಟೇಡಿಯಂ ಒಟ್ಟಿಗೆ ವಂದೇ ಮಾತರಂ ಹಾಡಿತು. ಕ್ರಿಕೆಟ್ ಊರು, 'ಈ ಸಲ ಕಪ್ ನಮ್ದೇ' ಅಂತ ವರ್ಷಾನುಗಟ್ಟಲೆ ಹೇಳ್ಕೊಂಡು ಬಂದ ಊರು, ಕಪ್ ನಿಜವಾಗಿ ಕಣ್ಣೆದುರಿಗೆ ಬಂದಾಗ ಅದು ಫುಟ್‌ಬಾಲ್‌ನದ್ದಾಗಿತ್ತು. ಪೆನಾಲ್ಟಿ ಐದೈದು ಮುಗಿದರೂ ಸಮ. ಆರನೆಯದನ್ನು ನವೋರೆಮ್ ಮಹೇಶ್ ಒಳಗೆ ಹಾಕಿದ, ಗುರ್‌ಪ್ರೀತ್, ನಮ್ಮ ಗೋಲ್‌ಕೀಪರ್, ಎಡಕ್ಕೆ ಹಾರಿ ಕುವೈತ್‌ನ ಹೊಡೆತ ತಡೆದ. 5-4. ಐದು ವರ್ಷ ಹಿಂದೆ, 2018ರ ಜೂನ್‌ನಲ್ಲಿ, ಮುಂಬೈಯಲ್ಲಿ ಭಾರತ ತೈವಾನ್ ಮೇಲೆ ಐದು ಗೋಲು ಹೊಡೆದಾಗ ನೋಡೋಕೆ ಬಂದಿದ್ದವರು 2,569 ಜನ. ಆಗ ಛೆಟ್ರಿ ವಿಡಿಯೊ ಮಾಡಿ, ಬೈಯೋದಾದರೂ ಸರಿ ಸ್ಟೇಡಿಯಂಗೆ ಬಂದು ಬೈಯಿರಿ ಅಂತ ಕೈಮುಗಿದು ಕೇಳಿಕೊಂಡಿದ್ದ. ಕಂಠೀರವದಲ್ಲಿ ಆ ರಾತ್ರಿ ಅದೆಲ್ಲ ಯಾವುದೋ ಜನ್ಮದ ಮಾತು ಅನ್ನಿಸಿತ್ತು.

ಅದೇ ತಿಂಗಳು ರ‍್ಯಾಂಕಿಂಗ್‌ನಲ್ಲಿ ಭಾರತ 99ಕ್ಕೆ ಬಂತು. ಆರು ತಿಂಗಳಿಗೆ ಕತಾರ್‌ನಲ್ಲಿ ಏಷ್ಯಾ ಕಪ್. ಆಸ್ಟ್ರೇಲಿಯಾಕ್ಕೆ 0-2, ಉಜ್ಬೇಕಿಸ್ತಾನಕ್ಕೆ 0-3, ಸಿರಿಯಾಕ್ಕೆ 0-1. ಮೂರು ಸೋಲು, ಗೋಲು ಸೊನ್ನೆ. 2012ರ ಕಠ್ಮಂಡು ಮತ್ತೆ ಬಂದು ಕೂತಿತ್ತು. ಮಾರ್ಚ್‌ನಲ್ಲಿ ಗುವಾಹಟಿಯಲ್ಲಿ, ಛೆಟ್ರಿಯ 150ನೇ ಮ್ಯಾಚಿನಲ್ಲಿ, ಅಫ್ಘಾನಿಸ್ತಾನಕ್ಕೆ 1-2. ಜೂನ್ 2024ರಲ್ಲಿ ಛೆಟ್ರಿ ವಿದಾಯ ಹೇಳಿದ, ಸ್ಟಿಮಾಚ್‌ನನ್ನು ಕಳಿಸಿದರು. ಹೊಸ ಕೋಚ್ ಆಗಿ ಮನೋಲೊ ಮಾರ್ಕೆಜ್ ಬಂದ, ಗೋಲು ಹೊಡೆಯೋರಿಲ್ಲ ಅಂತ 2025ರ ಮಾರ್ಚ್‌ನಲ್ಲಿ ನಲವತ್ತು ವರ್ಷದ ಛೆಟ್ರಿಯನ್ನೇ ವಾಪಸ್ ಕರೆಸಿದ, ಜುಲೈಗೆ ತಾನೇ ಹೊರಟ. ಇದಕ್ಕಿಂತ ಜಾಸ್ತಿ ವಿವರ ಬರೆಯೋಕೆ ನನಗೆ ಮನಸ್ಸಿಲ್ಲ.

ಆದರೆ ಈ ಮಧ್ಯೆ ಅಕ್ಕಪಕ್ಕದವರು ಸುಮ್ನೆ ಕೂತಿರಲಿಲ್ಲ. ಎಚ್ಚರಿಕೆ ಮೊದಲು ಬಂದಿದ್ದು 2013ರಲ್ಲಿ. ಅಫ್ಘಾನಿಸ್ತಾನ ಕಠ್ಮಂಡುವಿನಲ್ಲಿ ನಮ್ಮನ್ನು 2-0ಯಿಂದ ಸೋಲಿಸಿ ಮೊದಲ ಸಲ ಸ್ಯಾಫ್ ಗೆದ್ದಿತು. ಆ ಟೀಮಿನಲ್ಲಿ ಜರ್ಮನಿಯಂಥ ದೇಶಗಳಲ್ಲಿ ಬೆಳೆದು ಆಟ ಕಲಿತ ಹುಡುಗರು ಇದ್ದರು. ಅಪ್ಪ ಅಮ್ಮ ಬಿಟ್ಟು ಬಂದ ದೇಶಕ್ಕೆ ಮಕ್ಕಳು ಆಡೋಕೆ ಬಂದಿದ್ದರು. ಬಾಂಗ್ಲಾದೇಶ ಈ ದಾರಿಯನ್ನು ತಡವಾಗಿ ಹಿಡಿಯಿತು, ಆದರೆ ಗಟ್ಟಿಯಾಗಿ ಹಿಡಿಯಿತು. 2025ರ ಮಾರ್ಚ್‌ನಲ್ಲಿ ಶಿಲ್ಲಾಂಗ್‌ನಲ್ಲಿ ನಮ್ಮ ಮೇಲೆ ಆಡಲು ಇಳಿದಾಗ ಅವರ ಜೊತೆ ಹಮ್ಜಾ ಚೌಧರಿ ಇದ್ದ. ಲೆಸ್ಟರ್ ಸಿಟಿಯಲ್ಲಿ ಬೆಳೆದ ಆಟಗಾರ, ತಾಯಿಯ ಕಡೆಯಿಂದ ಬಾಂಗ್ಲಾ. ಮ್ಯಾಚು 0-0. ಕೆನಡಾದಿಂದ ಶಮಿತ್ ಶೋಮ್ ಬಂದ. ಭಾರತಕ್ಕೆ ಈ ದಾರಿ ಅಷ್ಟು ಸುಲಭ ಅಲ್ಲ, ಯಾಕಂದರೆ ಎರಡು ಪಾಸ್‌ಪೋರ್ಟ್ ಇಟ್ಟುಕೊಳ್ಳೋಕೆ ನಮ್ಮಲ್ಲಿ ಅವಕಾಶವಿಲ್ಲ. ಆ ದೇಶದ್ದು ಪೂರ್ತಿ ಬಿಟ್ಟುಕೊಟ್ಟರೆ ಮಾತ್ರ ಇಲ್ಲಿ ಆಡಬಹುದು. ಜಪಾನ್‌ನಲ್ಲಿ ಹುಟ್ಟಿದ ಇಝುಮಿ ಅರಾಟ ಹಾಗೆ ಬಂದು ಆಡಿದ್ದ. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಕೂಡ ಆಸ್ಟ್ರೇಲಿಯಾ ಬಿಟ್ಟು 2025ರಲ್ಲಿ ಭಾರತದ ಪೌರತ್ವ ತೆಗೆದುಕೊಂಡ.

ಇದೇ ಮುಖ್ಯ ಕಾರಣ ಅಂತ ನಾನು ವಾದ ಮಾಡಲ್ಲ. ಛೆಟ್ರಿ ಬಿಟ್ಟರೆ ಗೋಲು ಹೊಡೆಯೋರು ಯಾರು ಅನ್ನೋ ಪ್ರಶ್ನೆಗೆ ಹತ್ತು ವರ್ಷದಿಂದ ಉತ್ತರ ಹುಡುಕದೆ ಕೂತಿದ್ದು ಅದಕ್ಕಿಂತ ದೊಡ್ಡದು. ಕ್ಲಬ್‌ಗಳು ಗೋಲು ಹೊಡೆಯೋ ಜಾಗಕ್ಕೆ ವಿದೇಶಿ ಆಟಗಾರರನ್ನು ತರುತ್ತವೆ, ನಮ್ಮ ಹುಡುಗ ಅಂಚಿನಲ್ಲಿ ಓಡ್ತಾನೆ ಇಲ್ಲಾ ಬೆಂಚಿನ ಮೇಲೆ ಕೂರ್ತಾನೆ. ಸ್ಯಾಫ್‌ನಲ್ಲಿ ಛೆಟ್ರಿ ಒಬ್ಬನೇ ಐದು ಗೋಲು ಹೊಡೆದಿದ್ದನ್ನು 2023ರಲ್ಲಿ ನಾವು ಹಬ್ಬ ಮಾಡಿದೆವು. ಆಗ ಅವನಿಗೆ ಮೂವತ್ತೆಂಟು ವರ್ಷ.

2025ರ ಆಗಸ್ಟ್‌ನಲ್ಲಿ ಖಾಲಿದ್ ಜಮೀಲ್ ಕೋಚ್ ಆಗಿ ಬಂದ, ಸಾವಿಯೊ ಮಡೇರಾ ಹೋದ ಮೇಲೆ ಪೂರ್ಣಾವಧಿಗೆ ಬಂದ ಮೊದಲ ಭಾರತೀಯ. ಬಂದ ತಕ್ಷಣ ಮಧ್ಯ ಏಷ್ಯಾದವರ ಕಾಫಾ ನೇಷನ್ಸ್ ಕಪ್‌ಗೆ ಹೋಗಿ ತಜಿಕಿಸ್ತಾನದ ಮೇಲೆ 2-1, ಒಮಾನ್ ಮೇಲೆ ಪೆನಾಲ್ಟಿಯಲ್ಲಿ ಗೆದ್ದು ಮೂರನೇ ಸ್ಥಾನ. ಫ್ಯಾನ್ಸ್ ಮತ್ತೆ ಲೆಕ್ಕ ಹಾಕೋಕೆ ಶುರು ಮಾಡಿದರು. ಅಕ್ಟೋಬರ್‌ನಲ್ಲಿ ಗೋವಾದಲ್ಲಿ ಸಿಂಗಪುರಕ್ಕೆ 1-2ರಿಂದ ಸೋತು ಏಷ್ಯಾ ಕಪ್ ಬಾಗಿಲು ಮುಚ್ಚಿತು. ಆಮೇಲೆ ಆ ಢಾಕಾ. ಬಾಂಗ್ಲಾದ ಶೇಖ್ ಮುರ್ಸಲೀನ್ ಮೊದಲ ಹನ್ನೆರಡು ನಿಮಿಷದೊಳಗೆ ಗೋಲು ಹೊಡೆದ. ಗೋಲ್‌ಕೀಪರ್ ಜಾಗ ಬಿಟ್ಟು ಬಂದಿದ್ದಾಗ ನಮ್ಮ ಛಾಂಗ್ಟೆ ಹೊಡೆದ ಚೆಂಡನ್ನು ಹಮ್ಜಾ ತಲೆ ಕೊಟ್ಟು ತಡೆದ.

ಬಾಂಗ್ಲಾದೇಶ ನಮ್ಮ ಮೇಲೆ ಅದಕ್ಕೆ ಹಿಂದೆ ಗೆದ್ದಿದ್ದು 22 ವರ್ಷದ ಕೆಳಗೆ. 2003ರ ಜನವರಿ, ಇದೇ ಢಾಕಾ, ಸ್ಯಾಫ್ ಸೆಮಿಫೈನಲ್, ಹೆಚ್ಚುವರಿ ಸಮಯದಲ್ಲಿ ಮೊತಿಉರ್ ಮುನ್ನಾ ಹೊಡೆದ ಗೋಲ್ಡನ್ ಗೋಲು, ಅಂದರೆ ಹೊಡೆದ ತಕ್ಷಣ ಮ್ಯಾಚು ಮುಗಿಯುವ ಗೋಲು. ನಾವು ಫೈನಲ್‌ಗೆ ಹೋಗದ ಆ ಒಂದೇ ಸ್ಯಾಫ್. ಗ್ರೂಪಿನಲ್ಲಿ ಇದನ್ನು ಹಾಕಿದಾಗ ಎಲ್ಲರಿಗಿಂತ ಜೋರಾಗಿ ಬೈತಿದ್ದ ಹುಡುಗ ಒಂದು ನಿಮಿಷ ಸುಮ್ಮನಿದ್ದ. ಆಮೇಲೆ ಬರೆದ: 'ಮುಂದಿನ ಸ್ಯಾಫ್ ಯಾವಾಗ?'