ಕಡಲೆ ಬೇರಿನೊಳಗಿನ ಜಟಾಪಟಿ

ಚಳಿಗಾಲದಲ್ಲಿ ಪುಣೆಯ ಮಂಡೈ ಮಾರುಕಟ್ಟೆಗೆ ಹಸಿ ಕಡಲೆ ಗಿಡದ ಕಟ್ಟುಗಳು ಬರುತ್ತವೆ. ಕಲಬುರಗಿ, ವಿಜಯಪುರ ಕಡೆಯಿಂದ ಬಂದು ಇಲ್ಲಿ ನೆಲೆಸಿದ ನಮ್ಮ ಮಂದಿ ಅದನ್ನು ಕಂಡರೆ ಬಿಡುವುದಿಲ್ಲ. ಊರ ಹೊಲದ ಸುದ್ದಿ ಬಂತೆಂದರೆ ನೆಟೆ ರೋಗದ ಸುದ್ದಿಯೂ ಬರುತ್ತದೆ. ನೆಟ್ಟಗಿದ್ದ ಗಿಡ ಬಾಡಿತು, ನೀರು ಬಿಟ್ಟರೂ ಏಳಲಿಲ್ಲ ಅಂತ.

ನೀರು ಬಿಟ್ಟರೆ ಏಳುವುದು ಹೇಗೆ? ಫ್ಯುಸೇರಿಯಂ ಎಂಬ ಶಿಲೀಂಧ್ರ ಬೇರಿನಿಂದ ಹೊಕ್ಕು, ನೀರು ಮೇಲೇರುವ ನಾಳಗಳನ್ನೇ ಕಟ್ಟಿಬಿಟ್ಟಿರುತ್ತದೆ. ಕಡಲೆ ಹಾಕದೆ ಬಿಟ್ಟರೂ ಅದು ಮಣ್ಣಿನಲ್ಲಿ 6 ವರ್ಷದವರೆಗೂ ಉಳಿಯಬಲ್ಲದು. ಆದರೆ ಎಲ್ಲ ತಳಿಗಳೂ ಸೋಲುವುದಿಲ್ಲ. ಜೆಜಿ-62 ಬೇಗ ಸಾಯುತ್ತದೆ, ರಾಹುರಿ ಕೃಷಿ ವಿಶ್ವವಿದ್ಯಾಲಯದ ದಿಗ್ವಿಜಯ್ ತಡೆದುಕೊಳ್ಳುತ್ತದೆ. ಪುಣೆಯ ಪಾಷಾಣ್ ಬಡಾವಣೆಯಲ್ಲಿರುವ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ವಿಜ್ಞಾನಿಗಳು ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದಾರೆ.

ಒಂದು ಸತ್ತು ಇನ್ನೊಂದು ಉಳಿಯುವುದೇಕೆ ಅಂತ ತಿಳಿಯಲು ಜೀನ್ ಓದಿದರೆ ಸಾಲದೇ? ಸಾಲದು. ಎಲೆಯಲ್ಲೂ ಬೇರಿನಲ್ಲೂ ಜೀನ್‌ಗಳು ಅವೇ, ರೋಗ ಬರುವ ಮೊದಲೂ ಬಂದ ಮೇಲೂ ಅವೇ. ಗಿಡ ಈಗ ಏನು ಮಾಡುತ್ತಿದೆ ಅನ್ನುವುದು ಪ್ರೋಟೀನಿನಲ್ಲಿ ಕಾಣುತ್ತದೆ. ಕೈಟಿನೇಸ್ ಎಂಬ ಪ್ರೋಟೀನು ಶಿಲೀಂಧ್ರದ ಗೋಡೆಯಲ್ಲಿರುವ ಕೈಟಿನ್ ಅನ್ನು ಕತ್ತರಿಸುತ್ತದೆ. ಪೆರಾಕ್ಸಿಡೇಸ್ ಗಿಡದ ಸ್ವಂತ ಗೋಡೆಯನ್ನು ಗಟ್ಟಿ ಮಾಡಲು ನೆರವಾಗುತ್ತದೆ. ಇವು ಎಷ್ಟು ಬಂದವು ಅನ್ನುವಷ್ಟೇ ಯಾವಾಗ ಬಂದವು ಅನ್ನುವುದೂ ಮುಖ್ಯ. ಶಿಲೀಂಧ್ರ ನಾಳ ಮುಟ್ಟಿದ ಮೇಲೆ ಬಂದರೆ ಏನು ಉಪಯೋಗ?

ಕುಂಡದ ಗಿಡಗಳಲ್ಲಿ ಕೆಲವಕ್ಕೆ ರೋಗ ಹತ್ತಿಸಿ, ಕೆಲವನ್ನು ಹಾಗೇ ಬಿಡುತ್ತಾರೆ. ದಿನ ಗೊತ್ತು ಮಾಡಿಕೊಂಡು ಬೇರು ಕಿತ್ತು, ಮಣ್ಣು ತೊಳೆದು, ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ಅರೆಯುತ್ತಾರೆ. ಪ್ರೋಟೀನನ್ನು ಬೇರ್ಪಡಿಸಿ ಟ್ರಿಪ್ಸಿನ್ ಎಂಬ ಕಿಣ್ವದಿಂದ ತುಂಡು ಮಾಡುತ್ತಾರೆ. ಅದು ಸಿಕ್ಕಲ್ಲಿ ಕಡಿಯುವುದಿಲ್ಲ. ಲೈಸಿನ್, ಆರ್ಜಿನಿನ್ ಎಂಬ ಎರಡು ಅಮೈನೋ ಆಮ್ಲಗಳ ನಂತರವೇ ಕಡಿಯುತ್ತದೆ. ಹಾಗಾಗಿ ಯಾವ ಪ್ರೋಟೀನಿನಿಂದ ಎಂಥ ತುಂಡು ಬರಬೇಕು ಅಂತ ಮೊದಲೇ ಲೆಕ್ಕ ಹಾಕಬಹುದು. ಮಾಸ್ ಸ್ಪೆಕ್ಟ್ರೋಮೀಟರ್ ಆ ತುಂಡುಗಳ ತೂಕ ಹೇಳುತ್ತದೆ. 2013ರಲ್ಲಿ ಪ್ರಕಟವಾದ ಕಡಲೆಯ ಜೀನೋಮಿನ, ಅಂದರೆ ಅದರ ಎಲ್ಲ ಜೀನ್‌ಗಳ ಪಟ್ಟಿಯ, ಜೊತೆ ಹೋಲಿಸಿದರೆ ಪ್ರೋಟೀನಿನ ಗುರುತು ಸಿಗುತ್ತದೆ. ಇಂಥ ದೊಡ್ಡ ಅಣುಗಳಿಗೆ ವಿದ್ಯುದಾವೇಶ ಕೊಟ್ಟು ಯಂತ್ರದೊಳಗೆ ಹಾರಿಸುವ ಉಪಾಯಕ್ಕೆ ಜಾನ್ ಫೆನ್, ಕೊಯಿಚಿ ತನಾಕಾ 2002ರ ನೊಬೆಲ್ ಹಂಚಿಕೊಂಡರು. ಬೇರಿನ ಮಾದರಿಯಲ್ಲಿ ಶಿಲೀಂಧ್ರದ ಪ್ರೋಟೀನೂ ಬೆರೆತಿರುತ್ತದಲ್ವಾ, ಅದರ ಜೀನೋಮೂ ಕೈಲಿರಬೇಕು. ಎಲೆಯದು ಇನ್ನೊಂದು ತಾಪತ್ರಯ: ಬಿಸಿಲಿನಿಂದ ಆಹಾರ ತಯಾರಿಸಲು ಬೇಕಾದ ರುಬಿಸ್ಕೊ ಎಂಬ ಪ್ರೋಟೀನು ಒಂದೇ ಜಾಸ್ತಿ ಇದ್ದು ಉಳಿದವನ್ನು ಮುಚ್ಚಿಬಿಡುತ್ತದೆ.

ಇಲ್ಲಿ ಅವಸರ ಮಾಡಬಾರದು ಅಂತ ನನಗನ್ನಿಸುತ್ತದೆ. ಯಾವುದೋ ಪ್ರೋಟೀನು ಹೆಚ್ಚಾಯಿತು ಅಂದ ಮಾತ್ರಕ್ಕೆ ಅದೇ ಗಿಡವನ್ನು ಉಳಿಸಿತು ಅನ್ನಲಾಗದು. ನೀರಿನ ಕೊರತೆಗೂ ಕೆಲವು ಪ್ರೋಟೀನು ಏರುತ್ತವೆ, ನಾಳ ಕಟ್ಟಿದ ಗಿಡಕ್ಕೆ ಬಾಯಾರಿಕೆಯೂ ಇರುತ್ತದೆ. ಆ ಪ್ರೋಟೀನಿನ ಜೀನನ್ನು ಅಡಗಿಸಿ, ಗಿಡ ಆಗಲೂ ರೋಗ ತಡೆಯುತ್ತದೋ ನೋಡಬೇಕು. ತಡೆಯದಿದ್ದರೆ ಮಾತ್ರ ತಳಿ ಆರಿಸುವವರಿಗೆ ಅದು ಗುರುತಾಗಿ ಉಪಯೋಗಕ್ಕೆ ಬರುತ್ತದೆ. ಅದೂ ಎಲ್ಲೆಡೆ ಅಲ್ಲ. ಈ ಶಿಲೀಂಧ್ರದಲ್ಲಿ 8 ಬಗೆಗಳನ್ನು ಗುರುತಿಸಿದ್ದಾರೆ, ಒಂದನ್ನು ತಡೆದ ತಳಿ ಇನ್ನೊಂದಕ್ಕೆ ಸೋಲಬಹುದು.